ಸರಿದದ್ದು ರೇಖೆಯೋ, ಬಿಂದುವೋ? ಅರ್ಥಶಾಸ್ತ್ರ ಕಲಿಯುವವರ ಪ್ರಶ್ನೆಗಳಿಗೆ ಉತ್ತರ

ಪದವಿಗೆ ಮುಂಚಿನ ಎರಡು ವರ್ಷಗಳಲ್ಲಿ ಅರ್ಥಶಾಸ್ತ್ರವನ್ನು ಆಳವಾಗಿ ಓದುತ್ತಿರುವವರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಕೇಳಿದವರಿಗೆ ವ್ಯಾಖ್ಯೆಗಳೆಲ್ಲ ಬಾಯಿಗೆ ಬರುತ್ತವೆ ಎಂಬುದು ಪ್ರಶ್ನೆಗಳಿಂದಲೇ ಗೊತ್ತಾಗುತ್ತದೆ. ತೊಡಕು ಬಂದಿರುವುದು ನಡುವಿನ ಒಂದು ಹೆಜ್ಜೆ ಜಾರಿದ್ದರಿಂದ. ಅದಕ್ಕೇ ಅಂಕಿಗಳನ್ನಿಟ್ಟುಕೊಂಡು ಉತ್ತರಿಸಿದ್ದೇವೆ. ಪೆನ್ಸಿಲು, ಕಾಗದ ಹತ್ತಿರವಿರಲಿ. ಮೊದಲ ಉತ್ತರದಲ್ಲಿರುವ ಎರಡು ಸಮೀಕರಣಗಳನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆಯೂ ಅವು ಬೇಕಾಗುತ್ತವೆ.

ಪ್ರಶ್ನೆ: ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎನ್ನುತ್ತೇವೆ. ಬೇಡಿಕೆ ಇಳಿದರೆ ಬೆಲೆ ಇಳಿಯುತ್ತದೆ ಎಂದೂ ಹೇಳುತ್ತೇವೆ. ಬೆಲೆ ಇಳಿದರೆ ಬೇಡಿಕೆ ಮತ್ತೆ ಏರಬೇಕು. ಇದು ಸುತ್ತುತ್ತಲೇ ಇರುತ್ತದಲ್ಲ, ನಿಲ್ಲುವುದೆಲ್ಲಿ?

ಉತ್ತರ: ‘ಬೇಡಿಕೆ’ ಎಂಬ ಒಂದೇ ಪದವನ್ನು ಎರಡು ಅರ್ಥದಲ್ಲಿ ಬಳಸಿದ್ದರಿಂದ ಈ ಸುತ್ತು ಹುಟ್ಟಿದೆ. ನಿಮ್ಮ ಮೊದಲ ವಾಕ್ಯದಲ್ಲಿರುವುದು ಬೇಡಿಕೆಯ ಪ್ರಮಾಣ, ಅಂದರೆ ಒಂದು ನಿರ್ದಿಷ್ಟ ಬೆಲೆಗೆ ಜನ ಕೊಳ್ಳುವಷ್ಟು. ಎರಡನೆಯ ವಾಕ್ಯದಲ್ಲಿರುವುದು ಬೇಡಿಕೆ, ಅಂದರೆ ಇಡೀ ರೇಖೆ. ಬೆಲೆ ಬದಲಾದರೆ ರೇಖೆಯ ಮೇಲೆ ಬಿಂದು ಸರಿಯುತ್ತದೆ, ರೇಖೆ ಇದ್ದಲ್ಲೇ ಇರುತ್ತದೆ. ಆದಾಯ, ಅಭಿರುಚಿ, ಬದಲಿ ಸರಕಿನ ಬೆಲೆ, ಕೊಳ್ಳುವವರ ಸಂಖ್ಯೆ, ಮುಂದಿನ ಬೆಲೆಯ ನಿರೀಕ್ಷೆ ಇವುಗಳಲ್ಲಿ ಯಾವುದಾದರೂ ಬದಲಾದರೆ ರೇಖೆಯೇ ಸರಿಯುತ್ತದೆ.

ಅಂಕಿ ಹಾಕಿ ನೋಡೋಣ. ಕಾಫಿ ಮಾರುಕಟ್ಟೆ ಎಂದಿಟ್ಟುಕೊಳ್ಳಿ.

ಬೇಡಿಕೆಯ ಪ್ರಮಾಣ = 120 − 4 × ಬೆಲೆ
ಪೂರೈಕೆಯ ಪ್ರಮಾಣ = 2 × ಬೆಲೆ

ಎರಡನ್ನೂ ಸಮ ಮಾಡಿದರೆ ಬೆಲೆ 20, ಪ್ರಮಾಣ 40. ಈಗ ಹಿಮ ಬಿದ್ದು ಗಿಡಗಳು ಹಾಳಾದವು; ಯಾವ ಬೆಲೆಯಲ್ಲೇ ಆಗಲಿ ಮೊದಲಿಗಿಂತ 30 ಘಟಕ ಕಡಿಮೆ ಬರುತ್ತದೆ. ಪೂರೈಕೆಯ ಸಮೀಕರಣ 2 × ಬೆಲೆ − 30 ಆಯಿತು. ಹೊಸ ಬೆಲೆ 25, ಹೊಸ ಪ್ರಮಾಣ 20. ಬೇಡಿಕೆಯ ಸಮೀಕರಣವನ್ನು ನಾವು ಮುಟ್ಟಲೇ ಇಲ್ಲ ಎಂಬುದನ್ನು ಗಮನಿಸಿ. ಅಲ್ಲಿದ್ದ 120 ಹಾಗೇ ಇದೆ, 4 ಕೂಡ ಹಾಗೇ ಇದೆ. ಕೊಳ್ಳುವವರು ಅದೇ ರೇಖೆಯ ಮೇಲೆ 40ರಿಂದ 20ಕ್ಕೆ ನಡೆದುಬಂದರು, ಅಷ್ಟೇ. 25ರ ಬೆಲೆಯಲ್ಲಿ ಕೊಳ್ಳುವುದೂ 20, ಮಾರುವುದೂ 20. ಬೆಲೆಯನ್ನು ಮತ್ತೆ ಕೆಳಕ್ಕೆಳೆಯುವ ಕಾರಣ ಯಾವುದೂ ಉಳಿದಿಲ್ಲ. ನೀವು ಹುಡುಕುತ್ತಿದ್ದ ನಿಲುಗಡೆ ಇದೇ, ಇದಕ್ಕೇ ಸಮತೋಲನ ಎನ್ನುವುದು.

ಇದನ್ನು ಬರೆಯುವಾಗ ಕ್ರಮ ಹೀಗಿರಲಿ: ಮೊದಲು ಬದಲಾದ ಸಂಗತಿ ಯಾವುದು, ಅದು ಮುಟ್ಟುವುದು ಕೊಳ್ಳುವವರನ್ನೋ ಮಾರುವವರನ್ನೋ, ಆ ರೇಖೆ ಎಡಕ್ಕೋ ಬಲಕ್ಕೋ, ಹಳೆಯ ಬೆಲೆಯಲ್ಲಿ ಈಗ ಕೊರತೆಯೋ ಹೆಚ್ಚುವರಿಯೋ, ಅದರಿಂದ ಬೆಲೆ ಎತ್ತ. ನಮ್ಮ ಉದಾಹರಣೆಯಲ್ಲಿ ಹಳೆಯ ಬೆಲೆ 20ರಲ್ಲಿ ಬೇಕಾದದ್ದು 40, ಬಂದದ್ದು 10. 30ರ ಕೊರತೆ ಬೆಲೆಯನ್ನು ಮೇಲಕ್ಕೆ ತಳ್ಳಿತು. ಹೆಚ್ಚಿನವರು ಈ ಕೊರತೆಯ ಹೆಜ್ಜೆಯನ್ನು ಹಾರಿಸಿ ನೇರವಾಗಿ ‘ಬೆಲೆ ಏರಿತು’ ಎಂದು ಬರೆದುಬಿಡುತ್ತಾರೆ. ಏಕೆ ಏರಿತು ಎಂಬುದೇ ಅಲ್ಲಿ ಕಾಣೆಯಾಗುತ್ತದೆ.

ರೇಖೆ ‘ಮೇಲೆ’ ಹೋಯಿತು, ‘ಕೆಳಗೆ’ ಬಂತು ಎನ್ನುವ ರೂಢಿಯನ್ನು ದಯವಿಟ್ಟು ಬಿಡಿ. ಪೂರೈಕೆ ಕಡಿಮೆಯಾದಾಗ ಅದರ ರೇಖೆ ಚಿತ್ರದಲ್ಲಿ ಮೇಲೇರಿದಂತೆ ಕಾಣುತ್ತದೆ (ನಮ್ಮ ಹೊಸ ರೇಖೆ ಬೆಲೆ 15ರಿಂದ ಶುರುವಾಗುತ್ತದೆ). ಅದನ್ನು ನೋಡಿ ಪೂರೈಕೆ ಹೆಚ್ಚಿತು ಎಂದು ಬರೆದ ಉತ್ತರಗಳಿಗೆ ಲೆಕ್ಕವಿಲ್ಲ. ಎಡ, ಬಲ ಎರಡೇ ಪದ ಸಾಕು. ಎರಡೂ ರೇಖೆಗಳು ಒಟ್ಟಿಗೆ ಸರಿದಾಗ ಬೆಲೆ, ಪ್ರಮಾಣ ಎರಡರಲ್ಲಿ ಒಂದರ ದಿಕ್ಕನ್ನು ಮಾತ್ರ ಖಚಿತವಾಗಿ ಹೇಳಬಹುದು. ಇನ್ನೊಂದು, ಯಾವ ರೇಖೆ ಎಷ್ಟು ಸರಿಯಿತು ಎಂಬುದನ್ನು ಅವಲಂಬಿಸಿರುತ್ತದೆ. ಹಾಗೆಂದು ಉತ್ತರದಲ್ಲಿ ಬರೆಯುವುದು ತಪ್ಪಲ್ಲ, ಬರೆಯಲೇಬೇಕು.

ಪ್ರಶ್ನೆ: ಚಪ್ಪಟೆಯಾಗಿರುವ ಬೇಡಿಕೆ ರೇಖೆ ಸ್ಥಿತಿಸ್ಥಾಪಕ, ಕಡಿದಾಗಿರುವುದು ಅಸ್ಥಿತಿಸ್ಥಾಪಕ ಎಂದು ಕಲಿತಿದ್ದೇನೆ. ಒಂದೇ ಸರಳರೇಖೆಯ ಮೇಲೆ ಸ್ಥಿತಿಸ್ಥಾಪಕತ್ವ ಬದಲಾಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಇಳಿಜಾರು ಬದಲಾಗದೆ ಅದು ಹೇಗೆ?

ಉತ್ತರ: ಇಳಿಜಾರು ಘಟಕಗಳ ಲೆಕ್ಕ, ಸ್ಥಿತಿಸ್ಥಾಪಕತ್ವ ಶೇಕಡಾವಾರು ಲೆಕ್ಕ, ಅಂದರೆ ಬೆಲೆ ಶೇ. 1 ಬದಲಾದರೆ ಪ್ರಮಾಣ ಶೇ. ಎಷ್ಟು ಬದಲಾಗುತ್ತದೆ ಎಂಬುದು. ಬೆಲೆ 1 ಏರಿದರೆ ಪ್ರಮಾಣ 4 ಇಳಿಯುವುದು ನಮ್ಮ ರೇಖೆಯ ಉದ್ದಕ್ಕೂ ಸತ್ಯ. ಆದರೆ 40ರಲ್ಲಿ 4 ಕಳೆದರೆ ಶೇ. 10 ಹೋದಂತೆ, 80ರಲ್ಲಿ 4 ಕಳೆದರೆ ಬರೀ ಶೇ. 5. ಹಾಗೇ 20ರ ಮೇಲೆ 1 ಏರಿದರೆ ಶೇ. 5, 10ರ ಮೇಲೆ 1 ಏರಿದರೆ ಶೇ. 10.

ಬೆಲೆ 20, ಪ್ರಮಾಣ 40 ಇರುವಲ್ಲಿ: −4 × 20 ÷ 40 = −2. ಬೆಲೆ 15, ಪ್ರಮಾಣ 60 ಇರುವಲ್ಲಿ −1. ಬೆಲೆ 10, ಪ್ರಮಾಣ 80 ಇರುವಲ್ಲಿ −0.5. ಮಾರಿದವರ ಕೈಗೆ ಬರುವ ಒಟ್ಟು ಹಣವನ್ನೂ ಪಕ್ಕದಲ್ಲೇ ಬರೆಯಿರಿ: 800, 900, 800. ಸ್ಥಿತಿಸ್ಥಾಪಕತ್ವ ಸರಿಯಾಗಿ −1 ಇರುವ ನಡುಬಿಂದುವಿನಲ್ಲಿ ಒಟ್ಟು ಆದಾಯ ಅತಿ ಹೆಚ್ಚು. ಅದಕ್ಕಿಂತ ಮೇಲಿನ ಬೆಲೆಯಲ್ಲಿರುವ ಮಾರಾಟಗಾರ ಬೆಲೆ ಇಳಿಸಿದರೆ ಗಳಿಕೆ ಹೆಚ್ಚುತ್ತದೆ, ಕೆಳಗಿನ ಬೆಲೆಯಲ್ಲಿರುವವನು ಏರಿಸಿದರೆ ಹೆಚ್ಚುತ್ತದೆ. ಇಲ್ಲಿ ಹೇಳುತ್ತಿರುವುದು ಆದಾಯದ ಮಾತು, ಲಾಭದ ಮಾತಲ್ಲ. ವೆಚ್ಚ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಎರಡು ರೇಖೆಗಳು ಒಂದೇ ಬಿಂದುವಿನಲ್ಲಿ ಹಾಯುವಾಗ ಮಾತ್ರ, ಆ ಬಿಂದುವಿನಲ್ಲಿ ಚಪ್ಪಟೆಯಾಗಿರುವುದು ಹೆಚ್ಚು ಸ್ಥಿತಿಸ್ಥಾಪಕ ಎನ್ನಬಹುದು. ನೀವು ಕಲಿತ ನಿಯಮಕ್ಕೆ ಈ ಷರತ್ತು ಸೇರಿಸಿಕೊಳ್ಳಿ. ಅಕ್ಷದ ಅಳತೆಯನ್ನು ಹಿಗ್ಗಿಸಿದರೆ ಯಾವ ರೇಖೆಯನ್ನಾದರೂ ಚಪ್ಪಟೆಯಾಗಿ ತೋರಿಸಬಹುದಲ್ಲವೇ?

ಲೆಕ್ಕ ಮಾಡುವಾಗ ಇನ್ನೊಂದು ಜಾರುವ ಜಾಗವಿದೆ. ಬೆಲೆ 20ರಿಂದ 25ಕ್ಕೆ ಹೋದರೆ ಶೇ. 25ರ ಏರಿಕೆ, 25ರಿಂದ 20ಕ್ಕೆ ಬಂದರೆ ಶೇ. 20ರ ಇಳಿಕೆ. ಎತ್ತಲಿಂದ ಹೊರಟೆವು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅದನ್ನು ತಪ್ಪಿಸಲು ಸರಾಸರಿಯಿಂದ ಭಾಗಿಸುವ ವಿಧಾನ ಬಂತು: ಪ್ರಮಾಣದ ಬದಲಾವಣೆ −20 ÷ 30, ಬೆಲೆಯ ಬದಲಾವಣೆ 5 ÷ 22.5. ಒಂದನ್ನು ಇನ್ನೊಂದರಿಂದ ಭಾಗಿಸಿದರೆ −3. ಪ್ರಶ್ನೆಯಲ್ಲಿ ಯಾವ ವಿಧಾನ ಎಂದು ಹೇಳದಿದ್ದರೆ, ಮೂಲ ಬೆಲೆಯಿಂದ ಭಾಗಿಸಿ; ಯಾವ ವಿಧಾನ ಬಳಸಿದಿರಿ ಎಂದು ಒಂದು ಸಾಲು ಬರೆಯಿರಿ.

ಪ್ರಶ್ನೆ: ತೆರಿಗೆಯನ್ನು ಅಂಗಡಿಯವನ ಮೇಲೆ ಹಾಕಿದರೂ ಅವನು ಅದನ್ನು ಗ್ರಾಹಕನ ಮೇಲೇ ಹೊರಿಸುತ್ತಾನೆ. ಹಾಗಿದ್ದರೆ ‘ಹೊರೆ ಹಂಚಿಕೆ’ ಎಂಬ ಪಾಠವೇ ಏಕೆ?

ಉತ್ತರ: ಪೂರ್ತಿ ಹೊರಿಸಲು ಅವನಿಂದ ಆಗುವುದಿಲ್ಲ, ಹೊರಿಸಿದರೆ ಸರಕು ಉಳಿದುಹೋಗುತ್ತದೆ. ಮೊದಲ ಎರಡು ಸಮೀಕರಣಗಳಿಗೇ ಹಿಂತಿರುಗಿ, ಪ್ರತಿ ಘಟಕಕ್ಕೆ 6 ತೆರಿಗೆ ಹಾಕಿ. ಗ್ರಾಹಕ ಕೊಡುವ ಬೆಲೆಯಲ್ಲಿ 6 ಕಳೆದದ್ದು ಮಾರುವವನ ಕೈಗೆ. 120 − 4 × ಬೆಲೆ = 2 × (ಬೆಲೆ − 6). ಗ್ರಾಹಕನ ಬೆಲೆ 22, ಮಾರುವವನಿಗೆ ಉಳಿದದ್ದು 16, ಪ್ರಮಾಣ 32. ಮೊದಲಿದ್ದ 20ಕ್ಕೆ ಹೋಲಿಸಿದರೆ ಗ್ರಾಹಕ ಹೊತ್ತದ್ದು 2, ಮಾರುವವನು ಹೊತ್ತದ್ದು 4.

ಮಾರುವವನೇ ಹೆಚ್ಚು ಹೊತ್ತದ್ದು ಅವನ ಹೆಸರಿಗೆ ತೆರಿಗೆ ಬಂದದ್ದರಿಂದ ಅಲ್ಲ. ಆ ಬಿಂದುವಿನಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ 2, ಪೂರೈಕೆಯದ್ದು 1. ಯಾರಿಗೆ ಬೇರೆ ದಾರಿ ಕಡಿಮೆಯೋ ಅವರ ಹೆಗಲಿಗೆ ಹೊರೆ ಹೆಚ್ಚು. ತೆರಿಗೆಯನ್ನು ಗ್ರಾಹಕರಿಂದಲೇ ವಸೂಲಿ ಮಾಡಿ ಲೆಕ್ಕ ಹಾಕಿ ನೋಡಿ, ಅದೇ 22, ಅದೇ 16 ಬರುತ್ತದೆ. ಸಿಗರೇಟಿನಂಥ ಸರಕಿನಲ್ಲಿ ಸೇದುವವರು ಸುಲಭವಾಗಿ ಬಿಡಲಾರರು, ಹಾಗಾಗಿ ಹೊರೆ ಬಹುಪಾಲು ಅವರದೇ. ವಿರುದ್ಧ ತುದಿಯ ಉದಾಹರಣೆಗೆ ಅಮೆರಿಕ 1991ರಿಂದ ವಿಹಾರ ದೋಣಿಗಳ ಬೆಲೆಯಲ್ಲಿ ಒಂದು ಲಕ್ಷ ಡಾಲರ್ ಮೀರಿದ ಭಾಗದ ಮೇಲೆ ಹಾಕಿದ ಶೇ. 10ರ ತೆರಿಗೆಯನ್ನು ನೋಡಬಹುದು. ಕೊಳ್ಳುವ ಶ್ರೀಮಂತರು ಬೇರೆ ಭೋಗವಸ್ತುಗಳತ್ತ ತಿರುಗಲು ಸಾಧ್ಯವಿತ್ತು, ದೋಣಿ ಕಟ್ಟುವ ಕೆಲಸಗಾರರಿಗೆ ಅಷ್ಟು ಬೇಗ ಬೇರೆ ಕೆಲಸ ಸಿಗುವಂತಿರಲಿಲ್ಲ. 1993ರಲ್ಲಿ ಅದನ್ನು ತೆಗೆದುಹಾಕಿದರು.

ಚಿತ್ರದಲ್ಲಿ ತೆರಿಗೆಯ ಆದಾಯ 6 × 32 = 192ರ ಆಯತ. ಅದನ್ನು 6 × 40 ಎಂದು ಹಳೆಯ ಪ್ರಮಾಣದಿಂದ ಗುಣಿಸುವುದು ತೀರಾ ಸಾಮಾನ್ಯವಾದ ತಪ್ಪು. ಯಾರ ಕೈಗೂ ಸೇರದೆ ಹೋದ ನಷ್ಟ ½ × 6 × 8 = 24ರ ತ್ರಿಕೋನ.

ಪ್ರಶ್ನೆ: ಸೀಮಾಂತ ವೆಚ್ಚದ ರೇಖೆ ಸರಾಸರಿ ವೆಚ್ಚದ ರೇಖೆಯನ್ನು ಅದರ ಕನಿಷ್ಠ ಬಿಂದುವಿನಲ್ಲೇ ಏಕೆ ಕತ್ತರಿಸಬೇಕು? ಮತ್ತು ನಷ್ಟದಲ್ಲಿರುವ ಸಂಸ್ಥೆ ಉತ್ಪಾದನೆ ಮುಂದುವರಿಸುವುದರಲ್ಲಿ ಅರ್ಥವಿದೆಯೇ?

ಉತ್ತರ: ನಾಲ್ಕು ಪರೀಕ್ಷೆಗಳಲ್ಲಿ ನಿಮ್ಮ ಸರಾಸರಿ 60 ಎಂದುಕೊಳ್ಳಿ. ಐದನೆಯದರಲ್ಲಿ 50 ಬಂದರೆ ಸರಾಸರಿ ಇಳಿಯುತ್ತದೆ, 70 ಬಂದರೆ ಏರುತ್ತದೆ, 60 ಬಂದರೆ ಅಲ್ಲೇ ನಿಲ್ಲುತ್ತದೆ. ಸೀಮಾಂತವೆಂದರೆ ಈ ಐದನೆಯ ಪರೀಕ್ಷೆ; ವೆಚ್ಚದಲ್ಲಾದರೆ, ಇನ್ನೊಂದು ಘಟಕ ಮಾಡಲು ತಗಲುವ ಹೆಚ್ಚುವರಿ ವೆಚ್ಚ. ಅದು ಸರಾಸರಿಗಿಂತ ಕೆಳಗಿರುವವರೆಗೂ ಸರಾಸರಿಯನ್ನು ಕೆಳಗೆ ಎಳೆಯುತ್ತದೆ, ಮೇಲೆ ಹೋದ ಕೂಡಲೇ ಮೇಲಕ್ಕೆ ಎಳೆಯುತ್ತದೆ. ಇಳಿಯುವುದು ನಿಂತು ಏರುವುದು ಶುರುವಾಗುವ ಜಾಗಕ್ಕೇ ಕನಿಷ್ಠ ಎನ್ನುವುದು.

ಒಂದು ಸಂಸ್ಥೆಯ ಸ್ಥಿರ ವೆಚ್ಚ (ಏನೂ ಉತ್ಪಾದಿಸದಿದ್ದರೂ ತಗಲುವುದು) 60 ಇರಲಿ. ಒಂದರಿಂದ ಆರು ಘಟಕಗಳವರೆಗೆ ಒಟ್ಟು ವೆಚ್ಚ ಕ್ರಮವಾಗಿ 90, 110, 126, 148, 180, 228. ಸೀಮಾಂತ ವೆಚ್ಚ 30, 20, 16, 22, 32, 48. ಸರಾಸರಿ ಒಟ್ಟು ವೆಚ್ಚ 90, 55, 42, 37, 36, 38. ಐದನೆಯ ಘಟಕದ ಸೀಮಾಂತ ವೆಚ್ಚ 32, ಅದು 37ಕ್ಕಿಂತ ಕಡಿಮೆ, ಹಾಗಾಗಿ ಸರಾಸರಿ 36ಕ್ಕಿಳಿಯಿತು. ಆರನೆಯದರದ್ದು 48, ಸರಾಸರಿ 38ಕ್ಕೇರಿತು. ಸರಾಸರಿ ಬದಲಾಗುವ ವೆಚ್ಚ (ಸ್ಥಿರ ವೆಚ್ಚ ಬಿಟ್ಟು ಉಳಿದದ್ದರ ಸರಾಸರಿ) 30, 25, 22, 22, 24, 28. ಸೀಮಾಂತ ವೆಚ್ಚ 22 ಆದ ನಾಲ್ಕನೆಯ ಘಟಕದಲ್ಲಿ ಇದು ಅಲುಗಲಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಮಾರುಕಟ್ಟೆ ಬೆಲೆ 30 ಇದ್ದರೆ ಯಾವ ಪ್ರಮಾಣದಲ್ಲೂ ಸರಾಸರಿ ಒಟ್ಟು ವೆಚ್ಚ ಗಿಟ್ಟುವುದಿಲ್ಲ. ಆದರೂ ನಾಲ್ಕು ಘಟಕ ಮಾಡುವುದೇ ಸರಿ: ನಾಲ್ಕನೆಯದಕ್ಕೆ ತಗಲುವುದು 22, ಬರುವುದು 30, ಐದನೆಯದಕ್ಕೆ 32 ಬೇಕು, ಹಾಗಾಗಿ ಅದು ಬೇಡ. ಆದಾಯ 120, ವೆಚ್ಚ 148, ನಷ್ಟ 28. ಬಾಗಿಲು ಹಾಕಿದರೆ ಸ್ಥಿರ ವೆಚ್ಚ 60 ಪೂರ್ತಿ ನಷ್ಟ. ಬೆಲೆ 22ಕ್ಕಿಂತ ಕೆಳಗಿಳಿದರೆ ಮಾತ್ರ ಮುಚ್ಚುವುದು ಲೇಸು, ಏಕೆಂದರೆ ಆಗ ಪ್ರತಿ ಘಟಕವೂ ತನ್ನ ಕಚ್ಚಾಮಾಲಿನ, ಕೂಲಿಯ ಹಣವನ್ನೇ ತರುವುದಿಲ್ಲ. ಇದು ಅಲ್ಪಾವಧಿಯ ಮಾತು. ದೀರ್ಘಾವಧಿಯಲ್ಲಿ ಸ್ಥಿರ ವೆಚ್ಚ ಎಂಬುದೇ ಇಲ್ಲವಾದ್ದರಿಂದ ಬೆಲೆ 36 ಮುಟ್ಟದಿದ್ದರೆ ಸಂಸ್ಥೆ ಹೊರಬೀಳುತ್ತದೆ.

ಚಿತ್ರ ಬರೆಯುವಾಗ ಮೊದಲು ಸೀಮಾಂತ ವೆಚ್ಚದ ರೇಖೆಯನ್ನು ಎಳೆದು, ಅದರ ಏರುವ ಭಾಗದ ಮೇಲೆ ಎರಡು ಚುಕ್ಕೆ ಇಡಿ. ಸರಾಸರಿಗಳ ತಳ ಆ ಚುಕ್ಕೆಗಳಲ್ಲಿ ಕೂರುವಂತೆ ಬಾಗಿಸಿ. ಸರಾಸರಿಗಳನ್ನು ಮೊದಲು ಎಳೆದು ಸೀಮಾಂತವನ್ನು ಆಮೇಲೆ ತೂರಿಸಲು ಹೋದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪುತ್ತದೆ. ಎರಡು ಸರಾಸರಿಗಳ ನಡುವಿನ ಅಂತರ ಬಲಕ್ಕೆ ಹೋದಂತೆ ಕಿರಿದಾಗಬೇಕು; ಅದು ಸರಾಸರಿ ಸ್ಥಿರ ವೆಚ್ಚ, ಇಳಿಯುತ್ತಲೇ ಹೋಗುವಂಥದ್ದು.

ಪ್ರಶ್ನೆ: ತೌಲನಿಕ ಅನುಕೂಲದ (ಯಾವ ಸರಕನ್ನು ಯಾರು ಕಡಿಮೆ ಬಿಟ್ಟುಕೊಟ್ಟು ಮಾಡಬಲ್ಲರು ಎಂಬ) ಲೆಕ್ಕದಲ್ಲಿ ನನ್ನ ಉತ್ತರ ಯಾವಾಗಲೂ ತಿರುಗುಮುರುಗಾಗಿ ಬರುತ್ತದೆ. ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಬಹುಮಟ್ಟಿಗೆ ಕೋಷ್ಟಕದ ತಲೆಬರಹದಲ್ಲಿ. ಅಲ್ಲಿ ಕೊಟ್ಟಿರುವುದು ‘ಒಂದು ಗಂಟೆಗೆ ಎಷ್ಟು ಸರಕು’ ಎಂದೋ, ‘ಒಂದು ಸರಕಿಗೆ ಎಷ್ಟು ಗಂಟೆ’ ಎಂದೋ? ಮೊದಲನೆಯದರಲ್ಲಿ ದೊಡ್ಡ ಅಂಕಿ ಒಳ್ಳೆಯದು, ಎರಡನೆಯದರಲ್ಲಿ ಸಣ್ಣ ಅಂಕಿ. ಭಾಗಾಕಾರವೂ ತಲೆಕೆಳಗಾಗುತ್ತದೆ.

1817ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಕೊಟ್ಟ ಅಂಕಿಗಳನ್ನೇ ತೆಗೆದುಕೊಳ್ಳಿ. ಒಂದಿಷ್ಟು ಬಟ್ಟೆ ತಯಾರಿಸಲು ಇಂಗ್ಲೆಂಡಿಗೆ ವರ್ಷಕ್ಕೆ 100 ಜನ, ಒಂದಿಷ್ಟು ವೈನ್‌ಗೆ 120 ಜನ ಬೇಕು. ಪೋರ್ಚುಗಲ್ಲಿಗೆ ಬಟ್ಟೆಗೆ 90, ವೈನ್‌ಗೆ 80. ಎರಡರಲ್ಲೂ ಪೋರ್ಚುಗಲ್ಲೇ ಮುಂದು. ಇವು ‘ಒಂದು ಸರಕಿಗೆ ಎಷ್ಟು ಶ್ರಮ’ ಎಂಬ ಬಗೆಯ ಅಂಕಿಗಳು. ಒಂದು ಬಟ್ಟೆಗಾಗಿ ಬಿಟ್ಟುಕೊಡಬೇಕಾದ ವೈನ್ ಇಂಗ್ಲೆಂಡಿನಲ್ಲಿ 100 ÷ 120, ಸುಮಾರು 0.83, ಪೋರ್ಚುಗಲ್ಲಿನಲ್ಲಿ 90 ÷ 80, ಅಂದರೆ 1.125. ಬಟ್ಟೆ ಇಂಗ್ಲೆಂಡಿಗೆ ಅಗ್ಗ. ವೈನ್‌ನ ಲೆಕ್ಕ ಇದರ ತಲೆಕೆಳಗು, ಆದ್ದರಿಂದ ಅದು ತಾನಾಗಿ ಪೋರ್ಚುಗಲ್ಲಿನದು. ಒಂದೇ ದೇಶಕ್ಕೆ ಎರಡರಲ್ಲೂ ತೌಲನಿಕ ಅನುಕೂಲ ಬಂದಿದೆಯೆಂದರೆ ಎಲ್ಲೋ ಲೆಕ್ಕ ತಪ್ಪಿದೆ, ಅಳಿಸಿ ಮತ್ತೆ ಮಾಡಿ.

ಒಂದು ಬಟ್ಟೆಗೆ 0.83ರಿಂದ 1.125ರ ನಡುವೆ ಎಷ್ಟೇ ವೈನ್ ಎಂದು ದರ ಕುದುರಿದರೂ ಇಬ್ಬರಿಗೂ ಲಾಭ. ಒಂದಕ್ಕೆ ಒಂದು ಎಂದಾದರೆ ಇಂಗ್ಲೆಂಡ್ 120 ಜನರ ಬದಲು 100 ಜನರ ಶ್ರಮದಲ್ಲಿ ವೈನ್ ಪಡೆಯಿತು, ಪೋರ್ಚುಗಲ್ 90ರ ಬದಲು 80 ಜನರ ಶ್ರಮದಲ್ಲಿ ಬಟ್ಟೆ ಪಡೆಯಿತು. ಮೊದಲು ಒಟ್ಟು 390 ಜನ ಬೇಕಿದ್ದ ಕೆಲಸ ಈಗ 360 ಜನರಲ್ಲಿ ಮುಗಿಯಿತು. ಉಳಿದ 30 ಜನರ ಶ್ರಮವೇ ವ್ಯಾಪಾರದ ಲಾಭ. ಸಾಗಣೆ ವೆಚ್ಚ ಇದಕ್ಕಿಂತ ಹೆಚ್ಚಾದರೆ ಲಾಭ ಕರಗುತ್ತದೆ. ವೈನ್ ಮಾಡುತ್ತಿದ್ದ ಇಂಗ್ಲೆಂಡಿನ ಕೆಲಸಗಾರ ಮರುದಿನವೇ ನೇಯಲು ಕುಳಿತ ಎಂದು ಈ ಲೆಕ್ಕ ಊಹಿಸಿಕೊಂಡಿದೆ ಎಂಬುದನ್ನೂ ಉತ್ತರದಲ್ಲಿ ಹೇಳಿ.

ಪ್ರಶ್ನೆ: ಗುಣಕ (ಮೊದಲ ಖರ್ಚಿನ ಎಷ್ಟು ಪಟ್ಟು ಆದಾಯ ಹೆಚ್ಚುತ್ತದೆ ಎಂಬ ಅಂಕಿ) 5 ಎಂದು ಲೆಕ್ಕ ಬರುತ್ತದೆ, ಆದರೆ ನಿಜವಾದ ಅರ್ಥವ್ಯವಸ್ಥೆಗಳಲ್ಲಿ ಅಷ್ಟಿರುವುದಿಲ್ಲ ಎಂದು ಶಿಕ್ಷಕರು ಹೇಳುತ್ತಾರೆ. ಸೂತ್ರವೇ ತಪ್ಪೇ?

ಉತ್ತರ: ಸೂತ್ರ ಸರಿ, ಅದರೊಳಗೆ ಸೋರಿಕೆಗಳು (ಮುಂದಿನ ಸುತ್ತಿನ ಖರ್ಚಿಗೆ ಸಾಗದೆ ಹೊರಹೋಗುವ ಹಣ) ಕಡಿಮೆ. ಸರ್ಕಾರ 100 ಖರ್ಚು ಮಾಡಿತು, ಅದು ಯಾರದೋ ಆದಾಯವಾಯಿತು. ಸೀಮಾಂತ ಅನುಭೋಗ ಪ್ರವೃತ್ತಿ, ಅಂದರೆ ಹೆಚ್ಚಾಗಿ ಬಂದ ಆದಾಯದಲ್ಲಿ ಖರ್ಚಾಗುವ ಭಾಗ, 0.8 ಆದರೆ ಅವರು 80 ಖರ್ಚು ಮಾಡಿದರು, ಆ ಮುಂದಿನವರು 64, ಆಮೇಲೆ 51.2. ಹತ್ತು ಸುತ್ತು ಮುಗಿಯುವಷ್ಟರಲ್ಲಿ ಒಟ್ಟು ಸುಮಾರು 446, ಕೊನೆಯಿಲ್ಲದೆ ಸಾಗಿದರೆ 500. ಇಲ್ಲಿ ಸೋರಿಕೆ ಉಳಿತಾಯ ಒಂದೇ.

ತೆರಿಗೆ, ಆಮದು ಎರಡನ್ನೂ ಸೇರಿಸಿ. ಆದಾಯದ ಶೇ. 20 ತೆರಿಗೆಗೆ ಹೋಗುತ್ತದೆ, ಉಳಿದದ್ದರಲ್ಲಿ 0.8 ಭಾಗ ಅನುಭೋಗ. ಒಟ್ಟು ಆದಾಯದ 0.1 ಭಾಗ ಆಮದಿಗೆ. ದೇಶದೊಳಗೆ ಮುಂದಿನ ಸುತ್ತಿಗೆ ಸಾಗುವುದು 0.64 − 0.1 = 0.54. ಗುಣಕ 1 ÷ 0.46, ಅಂದರೆ ಸುಮಾರು 2.17. ಐದು ಇದ್ದದ್ದು ಅರ್ಧಕ್ಕೂ ಕೆಳಗೆ ಬಂತು. ಇಲ್ಲಿ ಎಚ್ಚರ: 0.8 ತೆರಿಗೆ ಕಳೆದ ಆದಾಯದ ಮೇಲಿನದೋ, ಒಟ್ಟು ಆದಾಯದ ಮೇಲಿನದೋ ಎಂದು ಪ್ರಶ್ನೆಯನ್ನು ಎರಡು ಸಲ ಓದಿ. ಎಲ್ಲ ಸೋರಿಕೆಗಳನ್ನೂ ಒಟ್ಟು ಆದಾಯದ ಲೆಕ್ಕದಲ್ಲೇ ಕೊಟ್ಟಿದ್ದರೆ ಮಾತ್ರ ಉಳಿತಾಯ, ತೆರಿಗೆ, ಆಮದು ಮೂರನ್ನೂ ನೇರವಾಗಿ ಕೂಡಿ ಒಂದನ್ನು ಅದರಿಂದ ಭಾಗಿಸಬಹುದು.

ಗುಣಕ ಕೆಲಸ ಮಾಡಲು ಖಾಲಿ ಕುಳಿತ ಯಂತ್ರ, ಕೆಲಸವಿಲ್ಲದ ಜನ ಇರಬೇಕು. ಎಲ್ಲರೂ ಕೆಲಸದಲ್ಲಿರುವಾಗ ಇದೇ 100 ಖರ್ಚು ಮಾಡಿದರೆ ಹೆಚ್ಚುವುದು ಉತ್ಪಾದನೆಯಲ್ಲ, ಬೆಲೆ. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲಿ ತಮ್ಮ ಸಿದ್ಧಾಂತ ಮಂಡಿಸಿದಾಗ ಜಗತ್ತು ಮಹಾ ಆರ್ಥಿಕ ಕುಸಿತದಿಂದ ಇನ್ನೂ ಪೂರ್ತಿ ಎದ್ದಿರಲಿಲ್ಲ, ನಿರುದ್ಯೋಗ ಎಲ್ಲೆಡೆ ಇತ್ತು. ಅದನ್ನು ಮರೆತು ಗುಣಕವನ್ನು ಎಲ್ಲ ಕಾಲಕ್ಕೂ ಅನ್ವಯಿಸಿದರೆ ಉತ್ತರ ಕಳಪೆಯಾಗುತ್ತದೆ.

ಪ್ರಶ್ನೆ: ಹಣದುಬ್ಬರ ಶೇ. 10ರಿಂದ ಶೇ. 2ಕ್ಕೆ ಇಳಿದರೆ ಬೆಲೆಗಳು ಇಳಿದಂತೆ ತಾನೇ?

ಉತ್ತರ: ಇಲ್ಲ. ಬೆಲೆಗಳ ಸೂಚ್ಯಂಕ 100 ಇದ್ದದ್ದು ಶೇ. 10ರಲ್ಲಿ 110, ಮರುವರ್ಷ ಶೇ. 5ರಲ್ಲಿ 115.5, ಅದರ ಮರುವರ್ಷ ಶೇ. 2ರಲ್ಲಿ 117.8. ಏರುವ ವೇಗ ತಗ್ಗಿತು, ಬೆಲೆ ಏರುತ್ತಲೇ ಹೋಯಿತು. ಅಮೆರಿಕದಲ್ಲಿ 1980ರ ಮಾರ್ಚ್‌ನಲ್ಲಿ ಶೇ. 14.8 ಇದ್ದ ಹಣದುಬ್ಬರ 1983ರ ಹೊತ್ತಿಗೆ ಶೇ. 4ಕ್ಕಿಂತ ಕೆಳಗೆ ಬಂತು. 1983ರ ಬೆಲೆ ಮಟ್ಟ ಮಾತ್ರ 1980ರದ್ದಕ್ಕಿಂತ ಮೇಲೇ ಇತ್ತು. ಇನ್ನು 10ರಿಂದ 2ಕ್ಕೆ ಬಂದದ್ದು 8 ಶೇಕಡಾ ಅಂಶಗಳ ಇಳಿಕೆ, ಅದನ್ನು ‘ಶೇ. 8 ಇಳಿಕೆ’ ಎಂದು ಬರೆಯಬೇಡಿ.

ಪ್ರಶ್ನೆ: ಪ್ರಬಂಧ ಉತ್ತರಗಳಲ್ಲಿ ಸಿದ್ಧಾಂತ, ಚಿತ್ರ ಎಲ್ಲ ಸರಿಯಿದ್ದರೂ ‘ವಿಮರ್ಶೆ ಸಾಲದು’ ಎಂದು ಅಂಕ ಕಡಿಮೆಯಾಗುತ್ತದೆ. ‘ಇದು ಪರಿಸ್ಥಿತಿಯನ್ನು ಅವಲಂಬಿಸಿದೆ’ ಎಂದು ಬರೆಯುತ್ತೇನೆ. ಇನ್ನೇನು ಬೇಕು?

ಉತ್ತರ: ಯಾವ ಪರಿಸ್ಥಿತಿ, ಅದು ಹೇಗಿದ್ದರೆ ತೀರ್ಮಾನ ಯಾವ ಕಡೆ ವಾಲುತ್ತದೆ, ಏಕೆ ಎಂಬ ಮೂರೂ ಬೇಕು. ಕನಿಷ್ಠ ವೇತನದ ಪ್ರಶ್ನೆಯನ್ನು ತೆಗೆದುಕೊಳ್ಳೋಣ. ಸಾಧಾರಣ ಉತ್ತರ ಹೀಗಿರುತ್ತದೆ: ‘ಕನಿಷ್ಠ ವೇತನದಿಂದ ನಿರುದ್ಯೋಗ ಉಂಟಾಗಬಹುದು. ಆದರೆ ಕೆಲವರಿಗೆ ಲಾಭವೂ ಆಗಬಹುದು. ಒಟ್ಟಿನಲ್ಲಿ ಅದು ಸಂದರ್ಭವನ್ನು ಅವಲಂಬಿಸಿದೆ.’ ಇದರಲ್ಲಿ ಸುಳ್ಳಿಲ್ಲ, ಆದರೆ ಯಾವ ವಿಷಯದ ಬಗ್ಗೆಯಾದರೂ ಹೀಗೇ ಬರೆಯಬಹುದು.

ಇನ್ನೊಂದು ರೀತಿ: ‘ವೇತನವನ್ನು ಸಮತೋಲನಕ್ಕಿಂತ ಮೇಲಿಟ್ಟರೆ, ಕೊನೆಯ ಕೆಲಸಗಾರ ತರುವ ಆದಾಯಕ್ಕಿಂತ ಅವನ ಕೂಲಿ ಹೆಚ್ಚಾಗುವುದರಿಂದ ಸಂಸ್ಥೆಗಳು ನೇಮಕ ತಗ್ಗಿಸುತ್ತವೆ. ಕೂಲಿ ಒಟ್ಟು ವೆಚ್ಚದ ಸಣ್ಣ ಭಾಗವಾಗಿದ್ದು, ಆ ಕೆಲಸಕ್ಕೆ ಯಂತ್ರ ಸಿಗದಿದ್ದರೆ ಈ ಇಳಿಕೆ ಅಲ್ಪ. ಒಂದೇ ದೊಡ್ಡ ಸಂಸ್ಥೆ ಕೆಲಸ ಕೊಡುವ ಮಾರುಕಟ್ಟೆಯಾದರೆ ಉದ್ಯೋಗ ಹೆಚ್ಚಲೂಬಹುದು.’

ಕೊನೆಯ ವಾಕ್ಯ ವಿಚಿತ್ರವೆನಿಸಿದರೆ ಈ ಲೆಕ್ಕ ನೋಡಿ. ಸಂಸ್ಥೆಯಲ್ಲಿ 10 ಜನರಿಗೆ ತಲಾ 50 ಕೂಲಿ, ಒಟ್ಟು 500. ಹನ್ನೊಂದನೆಯವರು 52 ಕೊಟ್ಟರೆ ಮಾತ್ರ ಬರುತ್ತಾರೆ, ಆಗ ಎಲ್ಲರಿಗೂ 52 ಕೊಡಬೇಕು: 572. ಹನ್ನೊಂದನೆಯವರಿಂದ ಬಿದ್ದ ನಿಜವಾದ ವೆಚ್ಚ 72. ಅವರ ದುಡಿಮೆಯಿಂದ ಬರುವುದು 60 ಆದರೆ ಸಂಸ್ಥೆ ತೆಗೆದುಕೊಳ್ಳುವುದಿಲ್ಲ. ಕನಿಷ್ಠ ವೇತನ 52 ಎಂದು ಕಾನೂನಾದರೆ ಹಳಬರಿಗೆ ಹೇಗೂ 52 ಕೊಡಬೇಕು, ಹನ್ನೊಂದನೆಯವರ ವೆಚ್ಚ ಬರೀ 52. ಈಗ ನೇಮಕ ಗಿಟ್ಟುತ್ತದೆ.

ಇದರ ಜೊತೆಗೆ ಒಂದು ನಿಜವಾದ ಸಾಕ್ಷ್ಯ ಸೇರಿದರೆ ಉತ್ತರಕ್ಕೆ ಬಲ ಬರುತ್ತದೆ. 1992ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು, ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಏರಿಕೆಯ ಮುಂಚೆ, ಆಮೇಲೆ ಹೋಲಿಸಿ, ನ್ಯೂಜೆರ್ಸಿಯಲ್ಲಿ ಉದ್ಯೋಗ ಇಳಿದದ್ದು ಕಾಣಲಿಲ್ಲ ಎಂದು 1994ರಲ್ಲಿ ಪ್ರಕಟಿಸಿದರು. ಬೇರೆ ಸಂಶೋಧಕರು ವೇತನ ದಾಖಲೆಗಳನ್ನಿಟ್ಟುಕೊಂಡು ಇದನ್ನು ಪ್ರಶ್ನಿಸಿದ್ದೂ ಉಂಟು. ಎರಡನ್ನೂ ಹೇಳಿ, ಏರಿಕೆಯ ಗಾತ್ರ ಸುಮಾರು ಶೇ. 19 ಎಂಬುದನ್ನೂ ಸೇರಿಸಿ. ಶೇ. 19ಕ್ಕೆ ನಿಂತ ಮಾತು ಶೇ. 100ರ ಏರಿಕೆಗೂ ನಿಲ್ಲುತ್ತದೆ ಎನ್ನಲಾಗದು. ವಿಮರ್ಶೆ ಎಂದರೆ ಇಂಥ ವಾಕ್ಯ.

ಸಮಯದ ವಿಚಾರ: ಪ್ರಬಂಧದ ಕೊನೆಯಲ್ಲಿ ಒಂದು ದೊಡ್ಡ ವಿಮರ್ಶೆಯ ಪ್ಯಾರಾ ಇಟ್ಟುಕೊಂಡವರಿಗೆ ಗಂಟೆ ಹೊಡೆದುಬಿಡುತ್ತದೆ. ಪ್ರತಿ ವಾದದ ಬೆನ್ನಿಗೇ ಅದರ ಮಿತಿಯನ್ನು ಎರಡು ಮೂರು ವಾಕ್ಯದಲ್ಲಿ ಬರೆದುಬಿಡಿ. ತೀರ್ಮಾನದಲ್ಲಿ ಹೊಸ ವಾದ ಬೇಡ. ಬರೆದ ವಾದಗಳಲ್ಲಿ ಯಾವುದು ಹೆಚ್ಚು ತೂಗುತ್ತದೆ, ಏಕೆ ಎಂದು ಹೇಳಿದರೆ ಆಯಿತು.

ಪ್ರಶ್ನೆ: ಕಲನ ಶಾಸ್ತ್ರ ಗೊತ್ತಿರಲೇಬೇಕೇ?

ಉತ್ತರ: ಈ ಹಂತಕ್ಕೆ ಸಾಮಾನ್ಯವಾಗಿ ಬೇಡ. ಶೇಕಡಾವಾರು, ಸೂಚ್ಯಂಕ, ಸರಳ ಸಮೀಕರಣ, ತ್ರಿಕೋನದ ವಿಸ್ತೀರ್ಣ, ರೇಖೆಯ ಇಳಿಜಾರು ಇಷ್ಟು ತಡವರಿಸದೆ ಬರಬೇಕು. ಪದವಿಯಲ್ಲಿ ಮುಂದುವರಿಯುವ ಮನಸ್ಸಿದ್ದರೆ ಗಣಿತವನ್ನು ಈಗಲೇ ಬಿಡಬೇಡಿ.

ಪ್ರಶ್ನೆ: ಮಾಲಿನ್ಯದಂಥ ಬಾಹ್ಯತೆಯ (ಕೊಳ್ಳುವವರೂ ಮಾರುವವರೂ ಅಲ್ಲದ ಮೂರನೆಯವರಿಗೆ ತಟ್ಟುವ ಪರಿಣಾಮದ) ಚಿತ್ರದಲ್ಲಿ ನಷ್ಟದ ತ್ರಿಕೋನಕ್ಕೆ ಯಾವ ಕಡೆ ಬಣ್ಣ ತುಂಬಬೇಕೆಂದು ಪ್ರತಿ ಸಲ ಗೊಂದಲ.

ಉತ್ತರ: ಎರಡು ಪ್ರಮಾಣಗಳನ್ನು ಗುರುತಿಸಿ: ಮಾರುಕಟ್ಟೆ ತಾನಾಗಿ ಮುಟ್ಟುವುದು, ಸಮಾಜಕ್ಕೆ ಒಳ್ಳೆಯದಾದದ್ದು. ತ್ರಿಕೋನ ಯಾವಾಗಲೂ ಈ ಎರಡರ ನಡುವೆಯೇ ಇರುತ್ತದೆ, ಅದರ ಮೂತಿ ಸಮಾಜಕ್ಕೆ ಒಳ್ಳೆಯದಾದ ಬಿಂದುವಿನತ್ತ ಚೂಪಾಗುತ್ತದೆ. ಹೊಗೆಯುಗುಳುವ ಕಾರ್ಖಾನೆಯಾದರೆ ಮಾರುಕಟ್ಟೆಯ ಪ್ರಮಾಣ ಹೆಚ್ಚು, ಮೂತಿ ಎಡಕ್ಕೆ. ಲಸಿಕೆಯಂಥ ಅನುಕೂಲಕರ ಬಾಹ್ಯತೆಯಾದರೆ ಮಾರುಕಟ್ಟೆಯ ಪ್ರಮಾಣ ಕಡಿಮೆ, ಮೂತಿ ಬಲಕ್ಕೆ. ತ್ರಿಕೋನದ ನಿಂತ ಬದಿ ಮಾರುಕಟ್ಟೆಯ ಪ್ರಮಾಣದ ಮೇಲಿರುತ್ತದೆ; ಅದರ ಎತ್ತರವೇ ಆ ಕೊನೆಯ ಘಟಕದಲ್ಲಿ ಸಮಾಜದ ವೆಚ್ಚಕ್ಕೂ ಲಾಭಕ್ಕೂ ಇರುವ ಅಂತರ.